ಮೆಟ್ಟಿಲಿನಿಂದ ಶುರು ಮಾಡಿ

ಪ್ರಶ್ನೆ: ಮಲೇಷ್ಯಾಕ್ಕೆ ಹೊರಟಿದ್ದೇನೆ. ಅಲ್ಲಿನ ಹಳೇ ಮಲಯ ಮನೆಗಳ ಫೋಟೋ ತೆಗೆಯುವ ಆಸೆ. ಏನನ್ನು ಗಮನಿಸಲಿ?

ಉತ್ತರ: ಮೊದಲ ಸಲ ನಾನು ಬರೀ ಮಾಡಿನ ಫೋಟೋ ತೆಗೆದು ಬಂದು ಪೇಚಾಡಿದ್ದೆ. ನೀವು ಮನೆಯ ಅಡಿಗೂ ಬಗ್ಗಿ ನೋಡಿ. ಮನೆ ಕಂಬಗಳ ಮೇಲೆ ನಿಂತಿರುತ್ತದೆ. ನೆರೆ ನೀರು ತಾಗದಿರಲಿ, ಗಾಳಿ ಆಡಲಿ ಅಂತ. ಮೊಳೆ ಬದಲು ಮರಕ್ಕೆ ಮರ ಕೂಡಿಸಿದ ಕೀಲುಗಳೇ ಜಾಸ್ತಿ. ಹಾಗಾಗಿ ಇಡೀ ಮನೆಯನ್ನೇ ಬಿಚ್ಚಿ ಬೇರೆಡೆ ಜೋಡಿಸಬಹುದು. ಕೆಡಾ ರಾಜ್ಯದ ಪೆಂಘುಲು, ಅಂದರೆ ಊರ ಮುಖ್ಯಸ್ಥ, ಅಬು ಸೆಮಾನ್ ಅವರ ಮನೆ ಕೌಲಾಲಂಪುರ ಸೇರಿದ್ದು ಹೀಗೇ. ಮೆಲಕಾದ ಮನೆಗಳ ಬಣ್ಣದ ಟೈಲ್ಸಿನ ಬಾಗು ಮೆಟ್ಟಿಲು ಮಾತ್ರ ಬಿಡಬೇಡಿ, ನನಗೆ ಅದೇ ಹುಚ್ಚು! ಕೆತ್ತನೆಗೆ ಬೆಳಗಿನ ಓರೆ ಬಿಸಿಲು ಒಳ್ಳೇದು. ಮಧ್ಯಾಹ್ನ ಸುಮ್ನೆ ಸೆರಾಂಬಿಯಲ್ಲಿ, ಅಂದರೆ ಜಗಲಿಯಲ್ಲಿ ಕೂತಿರಿ. ಮನೆಯವರನ್ನು ಕೇಳಿಯೇ ಕ್ಯಾಮೆರಾ ತೆಗೆಯಿರಿ. ಚಪ್ಪಲಿ ಕೆಳಗೇ ಇರಲಿ.