ಕೀಮೋ ನಂತರ ಅಪ್ಪನಿಗೆ ಶ್ವಾಸಕೋಶದ ಆಪರೇಷನ್

ಕೀಮೋದಿಂದ ಗೆಡ್ಡೆ ಕುಗ್ಗಿದೆ, ಈಗ ಆಪರೇಷನ್ ಅಂತಿದ್ದಾರೆ, 70ರ ಅಪ್ಪನಿಗೆ ಇದು ಬೇಕಾ ಅಂತ ಕೇಳಿದ್ದೀರಿ. ನಿಮ್ಮ ಭಯ ಅರ್ಥವಾಗುತ್ತದೆ. ಆದರೆ ವಯಸ್ಸೊಂದನ್ನೇ ನೋಡಿ ಬೇಡ ಅನ್ನಬೇಡಿ. ಅವರ ಉಸಿರಿನ ಶಕ್ತಿ ಅದಕ್ಕಿಂತ ಮುಖ್ಯ. ಊದಿಸಿ ಮಾಡುವ ಪರೀಕ್ಷೆ ಮತ್ತು ಡಿಎಲ್‌ಸಿಒ (ಶ್ವಾಸಕೋಶದಿಂದ ರಕ್ತಕ್ಕೆ ಅನಿಲ ಎಷ್ಟು ಚೆನ್ನಾಗಿ ದಾಟುತ್ತದೆ ಅಂತ ನೋಡುವ ಪರೀಕ್ಷೆ), ಎರಡನ್ನೂ ಕೀಮೋ ಮುಗಿದ ಮೇಲೆ ಹೊಸದಾಗಿ ಮಾಡಿದ್ದಾರಾ ಕೇಳಿ. ಕೀಮೋ ಆದ ಮೇಲೆ ಡಿಎಲ್‌ಸಿಒ ಕೆಲವರಲ್ಲಿ ಇಳಿದಿರುತ್ತದೆ. ಎದೆಯ ನಡುವಿನ ದುಗ್ಧಗ್ರಂಥಿಗಳಲ್ಲಿ (ಲಿಂಫ್ ನೋಡ್) ಕ್ಯಾನ್ಸರ್ ಉಳಿದಿದೆಯಾ ಅಂತಲೂ ಕೇಳಿ.

ಎಷ್ಟು ತೆಗೆಯುತ್ತಾರೆ? ಬಲ ಶ್ವಾಸಕೋಶದಲ್ಲಿ 3 ಹಾಲೆ (ಲೋಬ್, ಅಂದರೆ ಭಾಗ), ಎಡದಲ್ಲಿ 2 ಇರುತ್ತವೆ. ಒಂದು ಹಾಲೆ ತೆಗೆಯುವುದಕ್ಕೂ ಇಡೀ ಶ್ವಾಸಕೋಶ ತೆಗೆಯುವುದಕ್ಕೂ ಅಪಾಯದಲ್ಲಿ ತುಂಬಾ ವ್ಯತ್ಯಾಸ ಇದೆ, ಇದನ್ನು ಬಿಡಿಸಿ ಹೇಳಿಸಿಕೊಳ್ಳಿ. ಸಿಗರೇಟ್ ಇದ್ದರೆ ಇವತ್ತೇ ಬಿಡಿಸಿ. ಉಸಿರು ಎಳೆದು ಚೆಂಡು ಮೇಲೇರಿಸುವ ಸ್ಪೈರೋಮೀಟರ್ ಈಗಲೇ ರೂಢಿ ಮಾಡಿಸಿ. ಆಪರೇಷನ್ ಆದ ಮೇಲೆ ನೋವಿನಲ್ಲಿ ಕಲಿಯೋದು ಕಷ್ಟ ಅಲ್ವಾ?