ಐದು ತೆನೆ ಎತ್ತಿಟ್ಟರೆ ತಳಿ ಉಳಿಯುವುದಿಲ್ಲ

ಪ್ರಶ್ನೆ: ಹಾವೇರಿ ಹತ್ತಿರದ ನಮ್ಮೂರಿನಿಂದ ಅಜ್ಜಿ ಕಾಲದ ಬಿಳಿ ಗೋವಿನಜೋಳದ (ಮೆಕ್ಕೆಜೋಳದ) ಐದು ತೆನೆ ತಂದಿದ್ದೇನೆ. ಕೋಥ್ರುಡ್‌ನ ನಮ್ಮ ಟೆರೇಸ್ ಮೇಲೆ ಬೆಳೆಸಿ ತಳಿ ಉಳಿಸಬಹುದೇ?

ಉತ್ತರ: ಪುಣೆಯ ಕನ್ನಡಿಗರು ಪ್ರತಿ ಮಳೆಗಾಲಕ್ಕೂ ನನಗೆ ಇದನ್ನೇ ಕೇಳುತ್ತಾರೆ. ಒಬ್ಬರ ಹತ್ತಿರ ಐದು ತೆನೆ, ಇನ್ನೊಬ್ಬರ ಹತ್ತಿರ ಎರಡು. ಕಾಳಜಿ ದೊಡ್ಡದು. ಆದರೆ ಹೀಗೆ ತಳಿ ಉಳಿಯುವುದಿಲ್ಲ.

ಭತ್ತದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಭತ್ತದ ಹೂವು ತನ್ನದೇ ಪರಾಗದಿಂದ ಕಾಳು ಕಟ್ಟುತ್ತದೆ. ಗೋವಿನಜೋಳದ ಪರಾಗ ಗಾಳಿ ಹಿಡಿದು ಪಕ್ಕದ ಗಿಡಕ್ಕೆ ಹೋಗುತ್ತದೆ. ಒಂದು ಎಳೆ ತೆನೆಯ ಸಿಪ್ಪೆ ಮೆಲ್ಲಗೆ ಬಿಡಿಸಿ ನೋಡಿ. ತುದಿಯಲ್ಲಿ ಜೋತುಬಿದ್ದ ಒಂದೊಂದು ಕೂದಲೂ ಒಳಗೆ ಒಂದೊಂದು ಕಾಳಿಗೆ ಅಂಟಿಕೊಂಡಿರುತ್ತದೆ. ತೆನೆ ಅಲುಗಿಸಿದರೆ ಪರಾಗ ತಗುಲಿ ಕಾಳು ಕಟ್ಟಿದ ಕೂದಲು ಉದುರುತ್ತದೆ, ಉಳಿದದ್ದು ಬಿಡದೆ ಹಿಡಿದಿರುತ್ತದೆ. ಹಾಗಾಗಿ ಒಂದು ತೆನೆಯ ಕಾಳುಗಳಿಗೆಲ್ಲ ತಾಯಿ ಒಬ್ಬಳೇ, ತಂದೆಯರು ಹತ್ತಾರು. ಈ ಬೆರಕೆಯೇ ನಿಮ್ಮ ಅಜ್ಜಿಯ ತಳಿ. ಆ ಹೊಲದಲ್ಲಿ ಒಂದು ಗಿಡ ಬರ ತಡೆಯುತ್ತಿತ್ತು, ಇನ್ನೊಂದು ವಾರ ಮೊದಲೇ ಹೂ ಬಿಡುತ್ತಿತ್ತು. ಐದು ತೆನೆ ಅಂದರೆ ಐದೇ ತಾಯಂದಿರು. ಅಪರೂಪದ ಗುಣಗಳು ಮೊದಲ ಸಲವೇ ಕೈಬಿಡುತ್ತವೆ. ಆಮೇಲೆ ಹತ್ತಿರದ ನೆಂಟರೊಳಗೇ ಕೂಡಿ ಕೂಡಿ ಬೆಳೆ ಸೊರಗುತ್ತದೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೇ ಈ ತಪ್ಪು ಮಾಡಿದೆ. ಗುಡ್ಡದ ಊರೊಂದರ ಕೆಂಪು ತಳಿಯನ್ನು ಪ್ರತಿ ಸಲ ಚೆನ್ನಾಗಿ ಕಂಡ ಆರೇ ತೆನೆಗಳಿಂದ ಬೆಳೆಸಿದೆ. ನಾಲ್ಕನೇ ಸಲ ಗಿಡ ಸೊಂಟದೆತ್ತರಕ್ಕೆ ನಿಂತವು. ತೆನೆಯ ತುಂಬ ಕಾಳಿಲ್ಲದ ಸಂದುಗಳು. ಮತ್ತೆ ಬೀಜ ಕೇಳಲು ಆ ಊರಿಗೆ ಹೋದರೆ ಎಲ್ಲರ ಹೊಲದಲ್ಲೂ ಹೈಬ್ರಿಡ್. ಆ ಕೆಂಪು ತೆನೆ ಮತ್ತೆ ನನ್ನ ಕಣ್ಣಿಗೆ ಬೀಳಲಿಲ್ಲ.

ಅದಕ್ಕೇ ಇಷ್ಟು ಹಟದಿಂದ ಹೇಳುತ್ತೇನೆ: ಬೇರೆ ಬೇರೆ ಗಿಡದ ಕನಿಷ್ಠ 100 ತೆನೆ ಬೇಕು. ಪ್ರತಿ ತೆನೆಯಿಂದಲೂ ಅಷ್ಟಷ್ಟೇ ಕಾಳು ತೆಗೆಯಿರಿ. ದಪ್ಪ ತೆನೆಗಳನ್ನೇ ಆರಿಸಬೇಡಿ. ಬೇರೆ ಗೋವಿನಜೋಳದಿಂದ 200 ಮೀಟರ್ ದೂರ ಇರಲಿ, ಇಲ್ಲವೇ ಮೂರು–ನಾಲ್ಕು ವಾರ ಹಿಂದೆಮುಂದೆ ಬಿತ್ತಿ. ನಿಮ್ಮದು ಬಿಳಿ ತಳಿಯಾದ್ದರಿಂದ ಒಂದು ಅನುಕೂಲ ಇದೆ. ತೆನೆಯಲ್ಲಿ ಹಳದಿ ಕಾಳು ಕಂಡರೆ ಪಕ್ಕದ ಹೊಲದ ಪರಾಗ ಬಂದಿದೆ ಅಂತ ಅದೇ ಬೆಳೆಯಲ್ಲೇ ಗೊತ್ತಾಗುತ್ತದೆ. ಅವನ್ನು ಆರಿಸಿ ತೆಗೆಯಿರಿ.

ಇದೆಲ್ಲ ಟೆರೇಸ್ ಮೇಲೆ ಆಗುವ ಕೆಲಸವಲ್ಲ. ಊರಿಗೆ ಹೋಗಿ. ಆ ಬೀಜ ಇನ್ನೂ ಯಾರ ಮನೆಯಲ್ಲಿದೆ ವಿಚಾರಿಸಿ, ನಾಲ್ಕು ಮನೆಯವರು ಹಾಕುವಂತೆ ಮಾಡಿ. ನಂದುರಬಾರ್ ಜಿಲ್ಲೆಯ ಧಡಗಾಂವ್ ಕಡೆಯ ಆದಿವಾಸಿ ರೈತರು ಬೈಫ್ ಎಂಬ ಗ್ರಾಮೀಣಾಭಿವೃದ್ಧಿ ಸಂಸ್ಥೆಯ ಜೊತೆ ಸೇರಿ ತಮ್ಮ ಮೆಕ್ಕೆಜೋಳದ ಬೀಜವನ್ನು ಹೀಗೆ ಊರಲ್ಲೇ ಕಾಪಾಡುತ್ತಿದ್ದಾರೆ.

ಬೆಳೆಗಳ ಬೀಜ ಕೂಡಿಡುವ ದೆಹಲಿಯ ರಾಷ್ಟ್ರೀಯ ಜೀನ್ ಬ್ಯಾಂಕ್‌ಗೆ ಕೊಟ್ಟರೆ ಸಾಕಲ್ವಾ ಅಂತಲೂ ಕೆಲವರು ಕೇಳುತ್ತಾರೆ. ಖಂಡಿತ ಕೊಡಿ. ಆದರೆ ಅಲ್ಲಿ ಬೀಜ ಮೈನಸ್ 18 ಡಿಗ್ರಿಯಲ್ಲಿ ಮಲಗಿರುತ್ತದೆ. 2018ರಲ್ಲಿ ಶಿವಮೊಗ್ಗದಲ್ಲಿ ಮೆಕ್ಕೆಜೋಳ ತಿನ್ನುವ ಫಾಲ್ ಸೈನಿಕ ಹುಳು ಕಾಣಿಸಿಕೊಂಡಿತು. ಅದಕ್ಕೂ ಮೊದಲು ಒಳಗೆ ಹೋದ ಬೀಜಕ್ಕೆ ಆ ಹುಳುವಿನ ಪರಿಚಯವೇ ಇಲ್ಲ. ಹೊಲದಲ್ಲಿದ್ದ ತಳಿ ಅದನ್ನು ವರ್ಷ ವರ್ಷ ಎದುರಿಸುತ್ತಿದೆ.

ಪ್ರಶ್ನೆ: ಹೈಬ್ರಿಡ್ ಇಳುವರಿ ಜಾಸ್ತಿ. ಹಳೆಯದು ಯಾಕೆ ಬೇಕು?

ಉತ್ತರ: ಮುಂದಿನ ಹೈಬ್ರಿಡ್ ಮಾಡಲು. 1970ರಲ್ಲಿ ಅಮೆರಿಕದ ಬಹುಪಾಲು ಹೈಬ್ರಿಡ್‌ಗಳು ಟೆಕ್ಸಾಸ್ ಸೈಟೋಪ್ಲಾಸಂ ಎಂಬ ಒಂದೇ ತಾಯಿಮೂಲದವು. ಎಲೆ ಅಂಗಮಾರಿ ರೋಗದ ಹೊಸ ಬಗೆ ಬಂತು, ಎಲ್ಲದರ ಮೂಲ ಒಂದೇ ಆದ್ದರಿಂದ ತಡೆಯುವ ಗಿಡಗಳು ಕಡಿಮೆ, ದೇಶದ ಸುಮಾರು ಶೇ 15ರಷ್ಟು ಬೆಳೆ ಹೋಯಿತು.

ಪ್ರಶ್ನೆ: ಹೈಬ್ರಿಡ್ ಅಂದರೆ ಬಿಟಿ ಅಲ್ವಾ?

ಉತ್ತರ: ಅಲ್ಲ. ಹೈಬ್ರಿಡ್ ಅಂದರೆ ಬೇರೆ ಬೇರೆ ತಳಿ ಕೂಡಿಸಿದ್ದು, ಬಿಟಿ ಅಂದರೆ ಹುಳು ತಡೆಯಲು ಬ್ಯಾಕ್ಟೀರಿಯಾದ ಜೀನ್ ಸೇರಿಸಿದ್ದು. ನಮ್ಮ ದೇಶದಲ್ಲಿ ಬಿಟಿ ಮೆಕ್ಕೆಜೋಳ ಬೆಳೆಯಲು ಅನುಮತಿಯೇ ಇಲ್ಲ.

ಪ್ರಶ್ನೆ: ನೇರಳೆ ಮೆಕ್ಕೆಜೋಳದ ಹಿಟ್ಟು ತಿಂದರೆ ಸಕ್ಕರೆ ಕಾಯಿಲೆ ವಾಸಿಯಾಗುತ್ತಂತೆ, ಹೌದಾ?

ಉತ್ತರ: ಇಲ್ಲ. ಹಾಗೆ ಹೇಳಿ ಮಾರುವವರು ಕಾಯಿಲೆಯವರಿಗೂ ಮೋಸ ಮಾಡುತ್ತಿದ್ದಾರೆ, ಆ ತಳಿ ಬೆಳೆದ ರೈತರಿಗೂ. ಡಾಕ್ಟರ್ ಕೊಟ್ಟ ಮಾತ್ರೆ ಬಿಡಬೇಡಿ.