ಓದುಗರ ಪ್ರಶ್ನೆ: ಯೀಸ್ಟ್ ಬೆಳೆಯುತ್ತಿದೆ, ಪ್ರೋಟೀನ್ ಮಾತ್ರ ಬರುತ್ತಿಲ್ಲ

ಪ್ರಶ್ನೆ: ಎಂ.ಎಸ್ಸಿ. ಪ್ರಾಜೆಕ್ಟಿಗೆ ಪಿಕಿಯಾ ಯೀಸ್ಟ್‌ನಲ್ಲಿ ಒಂದು ಎಂಜೈಮ್ ಮಾಡಿಸುತ್ತಿದ್ದೇನೆ. ಜೀನ್ ಸೇರಿಕೊಂಡಿದೆ ಅಂತ ಪಿಸಿಆರ್ ಅನ್ನುವ ಡಿಎನ್‌ಎ ಪರೀಕ್ಷೆಯಲ್ಲಿ ಗೊತ್ತಾಗಿದೆ. ಮೆಥನಾಲ್ ಹಾಕಿ ಮೂರು ದಿನ ಶೇಕರ್‌ನಲ್ಲಿಟ್ಟರೂ (ಫ್ಲಾಸ್ಕ್ ಅಲುಗಾಡಿಸುವ ಯಂತ್ರ), ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರೆ ಮಾಡುವ ಜೆಲ್‌ನಲ್ಲಿ ನಮ್ಮ ಎಂಜೈಮಿನ ಬ್ಯಾಂಡೇ (ಗೆರೆಯೇ) ಇಲ್ಲ. ಜನವರಿಯಲ್ಲಿ ನಮ್ಮ ಸೀನಿಯರ್‌ಗೆ ಇದೇ ಕ್ಲೋನ್‌ನಲ್ಲಿ (ಜೀನ್ ಸೇರಿಸಿದ ಇದೇ ಯೀಸ್ಟ್ ತಳಿಯಲ್ಲಿ) ಚೆನ್ನಾಗಿ ಬಂದಿತ್ತು. ಕ್ಲೋನ್ ಕೆಟ್ಟುಹೋಯಿತಾ?
– ಓದುಗರು, ತುಮಕೂರು

ಉತ್ತರ: ಕ್ಲೋನ್ ಮೇಲೆ ಅನುಮಾನ ಆಮೇಲೆ ಪಡೋಣ. ಪಿಕಿಯಾದಲ್ಲಿ ಜೀನ್ ಸಾಮಾನ್ಯವಾಗಿ ಯೀಸ್ಟ್‌ನ ಕ್ರೋಮೋಸೋಮಿಗೇ ಸೇರಿರುತ್ತದೆ, ಅಷ್ಟು ಸುಲಭವಾಗಿ ಉದುರಿಹೋಗುವುದಿಲ್ಲ. ಸೀನಿಯರ್ ಮಾಡಿದ್ದು ಜನವರಿಯಲ್ಲಿ, ನೀವು ಬರೆದಿರುವುದು ಏಪ್ರಿಲ್‌ನಲ್ಲಿ. ತುಮಕೂರಿನ ಏಪ್ರಿಲ್ ಮಧ್ಯಾಹ್ನ ಹೇಗಿರುತ್ತದೆ ಅಂತ ನಿಮಗೇ ಗೊತ್ತು, 35 ಡಿಗ್ರಿ ದಾಟುವುದು ದೊಡ್ಡ ಮಾತೇನಲ್ಲ. ನಮ್ಮ ಎಷ್ಟೋ ಕಾಲೇಜುಗಳ ಶೇಕರ್‌ಗಳಲ್ಲಿ ಹೀಟರ್ ಮಾತ್ರ ಇರುತ್ತದೆ, ಕೂಲಿಂಗ್ ಇರುವುದಿಲ್ಲ. ಅದಕ್ಕೆ 28 ಅಂತ ಸೆಟ್ ಮಾಡುವುದು ಗೀಸರ್ ಹತ್ತಿರ ತಣ್ಣೀರು ಕೇಳಿದ ಹಾಗೆ. ರೂಮು 34 ಇದ್ದರೆ ಒಳಗೆ 34ಕ್ಕಿಂತ ಕಮ್ಮಿ ಆಗುವುದೇ ಇಲ್ಲ, ಮೋಟಾರಿನ ಬಿಸಿ ಸೇರಿ ಇನ್ನೂ ಜಾಸ್ತಿಯೇ ಆಗಬಹುದು. ಪಿಕಿಯಾಕ್ಕೆ ಬೇಕಿರುವುದು 28ರಿಂದ 30. 32 ದಾಟಿತು ಅಂದರೆ ಪ್ರೋಟೀನ್ ಕೈಕೊಡುತ್ತದೆ, ಮೆಥನಾಲ್ ಮೇಲಿರುವಾಗ ಜೀವಕೋಶಗಳು ಸತ್ತರೂ ಸಾಯಬಹುದು.

ಡಿಸ್‌ಪ್ಲೇ ನಂಬಬೇಡಿ. ಒಂದು ಫ್ಲಾಸ್ಕಿಗೆ ಬರೀ ನೀರು ಹಾಕಿ, ಥರ್ಮಾಮೀಟರ್ ಇಳಿಬಿಟ್ಟು, ಮಧ್ಯಾಹ್ನ ಮೂರು ಗಂಟೆಗೆ ಹೋಗಿ ನೋಡಿ. ಜಾಸ್ತಿ ಇದ್ದರೆ ಶೇಕರನ್ನು ಎಸಿ ರೂಮಿಗೆ ಸಾಗಿಸುವುದೇ ದಾರಿ. ಗೈಡ್ ಗೊಣಗಿದರೆ ಆ ಥರ್ಮಾಮೀಟರನ್ನೇ ತೋರಿಸಿ.

ಇನ್ನೊಂದು, ಗಾಳಿ. ಮೆಥನಾಲ್ ತಿನ್ನಲು ಯೀಸ್ಟ್‌ಗೆ ಸಿಕ್ಕಾಪಟ್ಟೆ ಆಕ್ಸಿಜನ್ ಬೇಕು. ಮೊದಲ ಹೆಜ್ಜೆ ಮಾಡುವ ಆಲ್ಕೋಹಾಲ್ ಆಕ್ಸಿಡೇಸ್ ಅನ್ನುವ ಎಂಜೈಮ್ ಆಕ್ಸಿಜನ್ ಹಿಡಿಯುವುದರಲ್ಲಿ ತುಂಬಾ ಮಂದ, ಆ ಕೊರತೆ ತುಂಬಿಕೊಳ್ಳಲು ಯೀಸ್ಟ್ ಅದನ್ನು ರಾಶಿ ರಾಶಿ ತಯಾರಿಸುತ್ತದೆ, ಕೆಲವೊಮ್ಮೆ ಕೋಶದೊಳಗೆ ಕರಗಿರುವ ಪ್ರೋಟೀನಿನಲ್ಲಿ ಶೇ. 30ರವರೆಗೂ ಅದೇ ಇರುತ್ತದೆ. ಆ ಎಂಜೈಮಿನ ಜೀನ್‌ಗಿರುವ, ಮೆಥನಾಲ್ ಸಿಕ್ಕಾಗ ಆನ್ ಆಗುವ ಸ್ವಿಚ್ಚನ್ನೇ, ಅಂದರೆ ಎಓಎಕ್ಸ್1 ಪ್ರೊಮೋಟರನ್ನು, ನಾವು ಕದ್ದು ನಮ್ಮ ಜೀನ್‌ಗೆ ಜೋಡಿಸಿರುವುದು. ಗಾಳಿ ಚೆನ್ನಾಗಿ ಆಡಬೇಕಾದ್ದರಿಂದ 250 ಮಿಲಿ ಫ್ಲಾಸ್ಕಿನಲ್ಲಿ 25 ಮಿಲಿ ಕಲ್ಚರ್ (ಯೀಸ್ಟ್ ಬೆಳೆಯುತ್ತಿರುವ ದ್ರವ) ಸಾಕು. ಬಾಯಿಗೆ ಫಾಯಿಲ್ ಬಿಗಿಯಾಗಿ ಸುತ್ತಬೇಡಿ, ಸ್ಟೆರೈಲ್ ಮಾಡಿದ ತೆಳು ಬಟ್ಟೆ ಎರಡು ಮೂರು ಪದರ ಕಟ್ಟಿ. ರಾತ್ರಿ ಕರೆಂಟ್ ಹೋಗಿ ಶೇಕರ್ ನಿಂತರೆ ದಟ್ಟ ಕಲ್ಚರ್‌ನಲ್ಲಿರುವ ಆಕ್ಸಿಜನ್ ನಿಮಿಷಗಳಲ್ಲೇ ಖಾಲಿ. ಯುಪಿಎಸ್ ಲೈನ್ ಇದೆಯಾ ಅಂತ ವಿಚಾರಿಸಿ.

ಮೆಥನಾಲ್ ಆವಿಯಾಗುತ್ತದೆ, ಯೀಸ್ಟ್ ತಿನ್ನುತ್ತದೆ ಕೂಡ. ಅದಕ್ಕೇ ದಿನಕ್ಕೊಮ್ಮೆ ಶೇ. 0.5 ಆಗುವಷ್ಟು ಮತ್ತೆ ಹಾಕಬೇಕು. ವಿಷ ಅದು, ಬೆಂಕಿಯೂ ಬೇಗ ಹಿಡಿಯುತ್ತದೆ, ಉರಿಯುವ ಬರ್ನರ್ ಪಕ್ಕ ಬಾಟಲಿ ಇಟ್ಟುಕೊಳ್ಳಬೇಡಿ. ಮೊದಲು ಬೆಳೆಸುವಾಗ ಆಹಾರವಾಗಿ ಕೊಟ್ಟ ಗ್ಲಿಸರಾಲ್ ಇರುವ ತನಕ ಆ ಸ್ವಿಚ್ ಆನ್ ಆಗುವುದೇ ಇಲ್ಲ, ಆದ್ದರಿಂದ ಬೆಳೆಸಿದ ಮೇಲೆ ಸೆಂಟ್ರಿಫ್ಯೂಜ್ ಮಾಡಿ ಹಳೇ ಮೀಡಿಯಂ (ಬೆಳೆಸಿದ ಪೋಷಕ ದ್ರವ) ಪೂರ್ತಿ ಚೆಲ್ಲಿದ್ದೀರಾ ನೋಡಿಕೊಳ್ಳಿ.

ಜೆಲ್‌ಗೆ ಹಾಕಿದ್ದು ಏನು ಅಂತ ನೀವು ಬರೆದಿಲ್ಲ. ಜೀನ್ ಹೊತ್ತು ತಂದ ಡಿಎನ್‌ಎಯಲ್ಲಿ, ಅಂದರೆ ವೆಕ್ಟರ್‌ನಲ್ಲಿ, ಪ್ರೋಟೀನನ್ನು ಹೊರಗೆ ಕಳಿಸುವ ಆಲ್ಫಾ ಫ್ಯಾಕ್ಟರ್ ಸಿಗ್ನಲ್ ಇದ್ದರೆ ಪ್ರೋಟೀನ್ ಹೊರಗೆ ಮೀಡಿಯಂಗೆ ಬಂದಿರುತ್ತದೆ, ಕೋಶ ಒಡೆದು ಹುಡುಕಿದರೆ ಸಿಗುವುದು ಕಷ್ಟ. ಮೀಡಿಯಂ, ಒಡೆದ ಕೋಶ ಎರಡನ್ನೂ ಜೆಲ್‌ನಲ್ಲಿ ಓಡಿಸಿ. 24, 48, 72 ಗಂಟೆಗೆ ಒಂದೊಂದು ಸ್ಯಾಂಪಲ್ ತೆಗೆದಿಡಿ, ಮೊದಲ ದಿನ ಇದ್ದ ಬ್ಯಾಂಡನ್ನು ಮೂರನೇ ದಿನದೊಳಗೆ ಪ್ರೋಟಿಯೇಸ್‌ಗಳು (ಪ್ರೋಟೀನ್ ಕತ್ತರಿಸುವ ಎಂಜೈಮ್‌ಗಳು) ತಿಂದುಹಾಕಿರಬಹುದು. ಇರಬೇಕಾದ ಜಾಗಕ್ಕಿಂತ ಮೇಲೆ ಮಸುಕಾಗಿ ಹರಡಿದ ಗೆರೆ ಕಂಡರೆ ಅದನ್ನೂ ಬಿಡಬೇಡಿ, ಯೀಸ್ಟ್ ಸಕ್ಕರೆ ಸರಪಳಿ ಅಂಟಿಸಿ ತೂಕ ಏರಿಸಿರಬಹುದು. ಆ ಸರಪಳಿ ಕತ್ತರಿಸುವ ಎಂಡೋ ಎಚ್ ಎಂಜೈಮ್ ಹಾಕಿದಾಗ ಕೆಳಗಿಳಿದರೆ ಅದು ನಿಮ್ಮದೇ ಆಗಿರುವ ಸಾಧ್ಯತೆ ಜಾಸ್ತಿ.

ಇಷ್ಟೆಲ್ಲ ಸರಿ ಇದ್ದೂ ಬರದಿದ್ದರೆ ಆಗ ಪ್ಲೇಟಿನಿಂದ ಹೊಸದಾಗಿ ಹತ್ತು ಕಾಲೊನಿ (ಯೀಸ್ಟ್ ಗುಂಪು) ಆರಿಸಿ.

ಪ್ರಶ್ನೆ: ನಮ್ಮಮ್ಮ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಅದು ಹಂದಿಯಿಂದ ಮಾಡಿದ್ದು ಅಂತ ಯಾರೋ ಹೇಳಿದ ಮೇಲೆ ಮನಸ್ಸಿಗೆ ಹಚ್ಚಿಕೊಂಡಿದ್ದಾರೆ. ಯೀಸ್ಟ್‌ನಿಂದ ಮಾಡುತ್ತಾರೆ ಅಂತಾನೂ ಕೇಳಿದ್ದೇನೆ. ಹಾಗಾದರೆ ಅದರಲ್ಲಿ ಯೀಸ್ಟ್ ಇರುತ್ತಾ?
– ಓದುಗರು, ಚಿಂತಾಮಣಿ

ಉತ್ತರ: ಹಂದಿ, ದನಗಳ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದ ಕಾಲ ಇತ್ತು, ಸುಳ್ಳಲ್ಲ. ಮನುಷ್ಯರ ಇನ್ಸುಲಿನ್ ಜೀನನ್ನು ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಹಾಕಿ ಮಾಡಿದ ಔಷಧಿಗೆ ಅಮೆರಿಕದಲ್ಲಿ 1982ರಲ್ಲಿ ಒಪ್ಪಿಗೆ ಸಿಕ್ಕಿತು. ನೊವೊ ನಾರ್ಡಿಸ್ಕ್ ಕಂಪನಿ ಬ್ರೆಡ್ಡಿನ ಯೀಸ್ಟ್ ಜಾತಿಯಲ್ಲಿ ಮಾಡುತ್ತದೆ, ಬೆಂಗಳೂರಿನ ಬಯೋಕಾನ್ 2004ರಲ್ಲಿ ಪಿಕಿಯಾದಲ್ಲಿ ಮಾಡಿದ ಇನ್ಸುಲಿನ್ ಬಿಡುಗಡೆ ಮಾಡಿತು. ಯೀಸ್ಟ್ ಕೊಡುವುದು ಪೂರ್ವರೂಪ ಮಾತ್ರ. ಅದನ್ನು ಬೇರ್ಪಡಿಸಿ, ಎಂಜೈಮ್‌ನಿಂದ ಕತ್ತರಿಸಿ, ಹಲವು ಸಲ ಶುದ್ಧ ಮಾಡಿದ ಮೇಲೆ ಸೀಸೆಗೆ ಬರುವುದು 51 ಅಮೈನೋ ಆಮ್ಲಗಳ ಇನ್ಸುಲಿನ್. ಸೀಸೆಯಲ್ಲಿ ಜೀವಂತ ಯೀಸ್ಟ್ ಇರುವುದಿಲ್ಲ. ಅಮ್ಮನ ಡಬ್ಬಿಯ ಮೇಲೆ ಹ್ಯೂಮನ್ ಅಂತ ಇದೆಯಾ ನೋಡಿ, ಇದ್ದರೆ ಅದನ್ನೇ ಅವರಿಗೆ ಓದಿ ಹೇಳಿ. ಸುಮ್ನೆ ಯಾರದೋ ಮಾತಿಗೆ ಡೋಸ್ ತಪ್ಪಿಸುವುದು ಬೇಡ.

ಹೆಪಟೈಟಿಸ್ ಬಿ ಲಸಿಕೆಯೂ ಯೀಸ್ಟ್‌ನದೇ, 1986ರಿಂದ ಇದೆ. ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ನಮ್ಮದೇ ಲಸಿಕೆ ತಂದಿತು. ಈ ಲಸಿಕೆಯಲ್ಲಿ ಯೀಸ್ಟ್ ಪ್ರೋಟೀನಿನ ಚೂರುಪಾರು ಉಳಿದಿರಬಹುದು. ಯೀಸ್ಟ್‌ಗೆ ಜೋರು ಅಲರ್ಜಿ ಇರುವವರು ಡಾಕ್ಟರಿಗೆ ಮೊದಲೇ ಹೇಳಬೇಕು.

ಪ್ರಶ್ನೆ: ಬೇಕರಿ ಯೀಸ್ಟ್ ಪ್ಯಾಕೆಟ್ ತಂದು ನಮ್ಮ ಹೈಸ್ಕೂಲ್ ಲ್ಯಾಬಿನಲ್ಲೇ ಜೀನ್ ಹಾಕಬಹುದಾ?
– ಶಿಕ್ಷಕರು, ಮಾಲೂರು

ಉತ್ತರ: ಬೇಡ ಸರ್. ಜೀನ್ ಬದಲಿಸುವ ಕೆಲಸಕ್ಕೆ 1989ರ ನಿಯಮಗಳಿವೆ, ಸಂಸ್ಥೆಯಲ್ಲಿ ಜೈವಿಕ ಸುರಕ್ಷತಾ ಸಮಿತಿ ಇರಬೇಕು. ಅಲ್ಲದೆ ಬೇಕರಿ ತಳಿಗಳಲ್ಲಿ ಒಂದೊಂದು ಕ್ರೋಮೋಸೋಮ್ ಹಲವು ಪ್ರತಿ ಇರುವುದೇ ಹೆಚ್ಚು. ಲ್ಯಾಬಿನ ತಳಿಗಳಲ್ಲಿರುವಂತೆ ಯುರಾಸಿಲ್ ಅನ್ನುವ ಪೋಷಕ ವಸ್ತು ಕೊಡದಿದ್ದರೆ ಬೆಳೆಯದಿರುವ ಕೊರತೆಯೂ ಅವಕ್ಕಿರುವುದಿಲ್ಲ, ಜೀನ್ ಹೊಕ್ಕಿದ್ದು ಯಾವುದು, ಹೊಗದ್ದು ಯಾವುದು ಅಂತ ಆರಿಸುವುದೇ ಕಷ್ಟ. ಮಕ್ಕಳಿಗೆ ಪ್ರಯೋಗ ಬೇಕಾದರೆ ಯೀಸ್ಟ್, ನೀರು ಹಾಕಿದ ಮೂರು ಬಾಟಲಿಗೆ ಬಲೂನ್ ಕಟ್ಟಿ, ಒಂದಕ್ಕೆ ಸಕ್ಕರೆ, ಇನ್ನೊಂದಕ್ಕೆ ಗ್ಲೂಕೋಸ್, ಮತ್ತೊಂದಕ್ಕೆ ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಹಾಕಿಸಿ. ಮೂರನೆಯದು ಉಬ್ಬುವುದಿಲ್ಲ. ಯಾಕೆ ಅಂತ ಅವರೇ ಕೇಳಲಿ.